ಎಪ್ಪತ್ತೊಂದನೆಯ ಹೊಡೆತ

ನಾನು ಗಾಲ್ಫಿನ ಕೋಲು ಹಿಡಿದದ್ದು ಆಟದ ಆಸೆಗಲ್ಲ, ಸಿಟ್ಟಿಗೆ. ಆಗ ನನಗೆ ಐವತ್ಮೂರು ವರ್ಷ. ಸಿಟ್ಟು ಇದ್ದದ್ದು ನನ್ನ ಗಂಡನ ಮೇಲೆ.

ನನ್ನ ಗಂಡ ಕಲಬುರಗಿ ಕಡೆಯವರು. ಇಪ್ಪತ್ತರ ವಯಸ್ಸಿಗೆ ಪುಣೆಗೆ ಬಂದು ಭೋಸರಿಯ ಕಾರ್ಖಾನೆಯೊಂದರಲ್ಲಿ ಸೇರಿ ಅಲ್ಲಿಯೇ ನಿವೃತ್ತರಾದರು. ಕೊನೆಯ ಹದಿನೈದು ವರ್ಷ ಅವರ ಕೆಲಸ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಅದು ಕೆಟ್ಟ ಮಾಲು ಹಾಕುವ ಬಾತಿಲ್ ಡಬ್ಬಿಗೆ ಬೀಳುತ್ತಿತ್ತು. ಮೇಲಿನವರು ಬಂದು ಕೈಮುಗಿದರೂ ಬೀಳುತ್ತಿತ್ತು. ನಾನು ಅವರಿಗೆ ತದ್ವಿರುದ್ಧ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯವರ ಮಕ್ಕಳೇ ಹೆಚ್ಚು. ಮೂವತ್ನಾಲ್ಕು ಅಂಕ ಬಂದ ಹುಡುಗಿಗೆ ಒಂದು ಅಂಕ ಎಲ್ಲಿಂದಾದರೂ ಹುಡುಕಿ ಕೊಟ್ಟು ಪಾಸು ಮಾಡಿದ ಕೈ ಇದು. ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅವರು ನಿವೃತ್ತರಾದ ವರ್ಷವೇ ದೀಪಾವಳಿ ಮುಗಿದ ವಾರ, ತರಕಾರಿ ತರಲು ಹೋದವರಿಗೆ ರಸ್ತೆಯಲ್ಲೇ ಎದೆನೋವು ಬಂತು. ಯಾರೋ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದರಂತೆ. ನನಗೆ ಗೊತ್ತಾದದ್ದು ಆಸ್ಪತ್ರೆಯಿಂದ ಫೋನ್ ಬಂದಾಗ. ಎದೆಗೆ ಎರಡು ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಒತ್ತಿ ಹೇಳಿದರು: ದಿನಾ ಮುಕ್ಕಾಲು ಗಂಟೆ ನಡೆಯಬೇಕು, ನಡೆಯದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ, ಆಗ ನಾನು ಏನೂ ಭರವಸೆ ಕೊಡಲಾರೆ.

ಮನುಷ್ಯ ನಡೆಯಲಿಲ್ಲ. ಧನಕವಡಿಯ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತವರು ಊಟಕ್ಕೆ ಏಳುವರು, ಮತ್ತೆ ಕೂರುವರು. ನಾನು ಬೆಳಗ್ಗೆ ಆರೂವರೆಗೆ ಶಾಲೆಗೆ ಹೊರಡುವವಳು, ಸಂಜೆ ಮನೆಯಲ್ಲಿ ಟ್ಯೂಷನ್. "ನೀವ ಒಬ್ಬರ ಹೋಗಿ ಬರ್ರಿ, ಕಾಲಿಗೇನ್ ಮೆಹಂದಿ ಹಚ್ಚಿರೇನು?" ಎಂದು ದಿನಕ್ಕೆ ಎರಡು ಸಲ ಅನ್ನುತ್ತಿದ್ದೆ. ಕೆಲಸವಿಲ್ಲದೆ ರಸ್ತೆ ಅಳೆಯುವುದು ಹುಚ್ಚರ ಕೆಲಸ ಎಂದು ಅವರು ಅನ್ನುತ್ತಿದ್ದರು. ಒಂದೊಂದು ಸಲ ನನ್ನ ಕಾಟ ತಾಳಲಾರದೆ ಚಪ್ಪಲಿ ಮೆಟ್ಟಿ ಕೆಳಗಿಳಿಯುತ್ತಿದ್ದರು, ಗೇಟಿನವರೆಗೆ ಹೋಗಿ ಐದೇ ನಿಮಿಷಕ್ಕೆ ತಿರುಗಿ ಬರುತ್ತಿದ್ದರು. ಕೇಳಿದರೆ ಬಿಸಿಲು ಭಾಳ ಅದ ಅನ್ನುತ್ತಿದ್ದರು. ಬೆಳಗಿನ ಆರು ಗಂಟೆ, ಸೂರ್ಯನೇ ಇನ್ನೂ ಎದ್ದಿಲ್ಲ! ನಾನು ಅತ್ತೆ, ಬೈದೆ, ಮಾತು ಬಿಟ್ಟೆ, ಸೋಮವಾರ ಉಪವಾಸ ಹಿಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಪಕ್ಕದ ಮನೆಯಲ್ಲಿ ಮೈಸೂರು ಕಡೆಯ ಗಂಡ ಹೆಂಡತಿ ಇದ್ದರು, ಇಬ್ಬರೂ ಕಂಪ್ಯೂಟರ್ ಕಂಪನಿಯವರು. ಆ ಹುಡುಗಿಗೆ ಅವಳ ಕಂಪನಿ ಗಾಲ್ಫ್ ಕಲಿಯಲು ಹನ್ನೆರಡು ಪಾಠಗಳ ಚೀಟಿ ಕೊಟ್ಟಿತ್ತು. ಅಷ್ಟರಲ್ಲಿ ಅವಳು ಬಸುರಿಯಾದಳು. ಒಂದು ದಿನ ಚೀಟಿ ತಂದು ನನ್ನ ಕೈಯಲ್ಲಿಟ್ಟಳು. "ಆಂಟಿ, ಸುಮ್ನೆ ವೇಸ್ಟ್ ಆಗುತ್ತೆ. ಅಂಕಲ್‌ನ ಕಳಿಸಿ, ಅದ್ರಲ್ಲಿ ಫುಲ್ ವಾಕಿಂಗೇ ಇರೋದು."

ಪುಕ್ಕಟೆ ಬಂದದ್ದನ್ನು ಕೆಡಿಸುವ ಪೈಕಿ ನಾನಲ್ಲ. ಮುಂದಿನ ಭಾನುವಾರವೇ ಗಂಡನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾತ್ರಜ್ ದಾಟಿ ಭೋರ್ ಕಡೆಗೆ ಹೊರಟೆ. ಹೆದ್ದಾರಿಯಿಂದ ಒಳಗೆ ಗುಡ್ಡದ ಬುಡದಲ್ಲಿ ಆ ಜಾಗ. ಮುಂದೆ ಅಭ್ಯಾಸದ ಬಯಲು. ಅಲ್ಲಿ ಚಾಪೆಯ ಮೇಲೆ ನಿಂತು ಬಕೆಟ್ಟಿನಲ್ಲಿಟ್ಟ ಚೆಂಡುಗಳನ್ನು ಒಂದೊಂದಾಗಿ ಹೊಡೆಯುತ್ತ ಹೋಗುವುದು. ಅದರಾಚೆ ನಿಜವಾದ ಆಟದ ಮೈದಾನ, ಚೆಂಡು ಬೀಳಿಸಬೇಕಾದ ಒಂಬತ್ತು ಕುಳಿ, ಒಂಬತ್ತು ಬಾವುಟ, ಕಣ್ಣು ಹಾಯುವಷ್ಟು ಹುಲ್ಲು. ಕೋಚ್ ನನ್ನ ವಯಸ್ಸಿನ ಮರಾಠಿ ಮನುಷ್ಯ, ಬಿಸಿಲಿಗೆ ಕಪ್ಪಾದ ಮುಖ, ಕಮ್ಮಿ ಮಾತು. ಅವರು ಕೋಲನ್ನು ನನ್ನ ಗಂಡನ ಕಡೆ ಚಾಚಿದರು. ನನ್ನ ಗಂಡ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇದು ನನ್ನ ಕೆಲಸವಲ್ಲ ಎಂದು ಮರಾಠಿಯಲ್ಲಿ ಮರ್ಯಾದೆಯಾಗಿ ಹೇಳಿ ಬೆಂಚಿನ ಮೇಲೆ ಹೋಗಿ ಕೂತರು. ಮನೆಯ ಕುರ್ಚಿಯಿಂದ ಎಬ್ಬಿಸಿ ತಂದದ್ದು ಇನ್ನೊಂದು ಕುರ್ಚಿಗೆ. ನನ್ನ ಮೈಯೆಲ್ಲ ಉರಿಯಿತು.

"ಕೊಡ್ರಿ ಇಲ್ಲಿ," ಎಂದು ಕೋಲು ಕಸಿದುಕೊಂಡೆ.

ಒನಕೆ ಹಿಡಿದಂತೆ ಹಿಡಿದು ಬೀಸಿದೆ. ಗಾಳಿಗೆ ಹೋಯಿತು. ಮತ್ತೆ ಬೀಸಿದೆ, ಮತ್ತೆ ಗಾಳಿಗೆ. ಚೆಂಡು ನೋಡಿದರೆ ಲಿಂಬೆಹಣ್ಣಿಗಿಂತ ಚೂರು ದೊಡ್ಡದು, ಓಡುವುದಿಲ್ಲ, ಹಾರುವುದಿಲ್ಲ, ಕಾಲ ಬುಡದಲ್ಲೇ ಕೂತಿದೆ, ಆದರೂ ತಾಗುವುದಿಲ್ಲ. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಚಾಪೆಗೆ ಬಡಿದು ಮೊಣಕೈವರೆಗೆ ಝುಮ್ಮೆಂದಿತು. ಕೋಚ್ ಬಂದು ಬೆರಳು ಒಂದೊಂದಾಗಿ ಬಿಡಿಸಿ ಮತ್ತೆ ಹಿಡಿಸಿದರು. ಬಲಗೈಯ ಕಿರುಬೆರಳು ಎಡಗೈಯ ಎರಡು ಬೆರಳುಗಳ ಸಂದಿಯಲ್ಲಿ ಕೂರಬೇಕು, ಮಣಿಕಟ್ಟು ಬಿಗಿಯಬಾರದು, ತಲೆ ಎತ್ತಬಾರದು. ತಲೆ ಎತ್ತದೆ ಬದುಕಿ ಗೊತ್ತಿಲ್ಲದವಳು ನಾನು, ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಆ ದಿನ ಒಂದೇ ಒಂದು ಚೆಂಡು ಸರಿಯಾಗಿ ತಾಗಿತು. ಟಪ್ ಎಂದು ಸದ್ದು ಬಂತು, ಕೈಗೆ ಏನೂ ಗೊತ್ತಾಗಲಿಲ್ಲ, ನೋಡಿದರೆ ಚೆಂಡು ಎಲ್ಲೋ ದೂರ. ಬೆಂಚಿನ ಮೇಲಿದ್ದ ನನ್ನ ಗಂಡ ಎದ್ದು ನಿಂತಿದ್ದರು.

ಬರುವಾಗ ಸ್ಕೂಟರಿನ ಹಿಂದಿನಿಂದ ಅವರೇ ಮಾತು ತೆಗೆದರು. ಆ ಆಚೆಯ ಮೈದಾನಕ್ಕೆ ಯಾರನ್ನು ಬಿಡುತ್ತಾರೆ ಎಂದು ಕೇಳಿದರು. ಕೋಚ್ ನನಗೆ ಆಗಲೇ ಹೇಳಿದ್ದರು: ಪಾಠ ಮುಗಿದ ಮೇಲೆ ಒಂದು ಪರೀಕ್ಷೆ, ಒಂಬತ್ತೂ ಕುಳಿಯನ್ನು ಎಪ್ಪತ್ತು ಹೊಡೆತದೊಳಗೆ ಮುಗಿಸಿದವರಿಗೆ ಕಾರ್ಡು, ಆಮೇಲೆ ವಾರಕ್ಕೆ ಮೂರು ದಿನ ಆಡಬಹುದು, ಮನೆಯವರೊಬ್ಬರು ಕೋಲಿನ ಚೀಲದ ಗಾಡಿ ಎಳೆದುಕೊಂಡು ಸಂಗಡ ಬರಬಹುದು.

"ನಿನಗ ಕಾರ್ಡ್ ಸಿಕ್ರ ನಾ ಗಾಡಿ ಎಳೀತೀನಿ," ಅಂದರು.

"ದಿನಾ ಅಲ್ರಿ, ವಾರಕ್ಕ ಮೂರ ದಿನ ಅಂದ್ರೂ ಆ ಬಯಲ ಪೂರಾ ನಡೀಬೇಕು."

"ನಡೀತೀನಿ ಅಂದ್ನಲ್ಲ."

ಇದಕ್ಕಿಂತ ಹೆಚ್ಚು ನನಗೆ ಏನು ಬೇಕಿತ್ತು. ಒಂಬತ್ತು ಕುಳಿ ಸುತ್ತಿದರೆ ಮೂರು ಕಿಲೋಮೀಟರಿಗೆ ಕಮ್ಮಿಯಿಲ್ಲ, ಏರು ಇಳಿವು ಬೇರೆ. ಹನ್ನೆರಡು ಭಾನುವಾರ ನಾನು ಆ ಎಪ್ಪತ್ತರ ಮೇಲೆಯೇ ಕಣ್ಣಿಟ್ಟು ಕಲಿತೆ. ಮಂದಿ ಆರೋಗ್ಯಕ್ಕೆ ಆಡುತ್ತಾರೆ, ಅಂತಸ್ತಿಗೆ ಆಡುತ್ತಾರೆ, ನಾನು ಗಂಡನ ಎದೆಗೂಡಿಗಾಗಿ ಆಡಿದೆ. ಹೀಗೆ ಬರೆದರೆ ದೊಡ್ಡ ಮಾತಾಗುತ್ತದೆ, ಆದರೆ ಇದ್ದದ್ದು ಅದೇ.

ಕಲಿಕೆಯಲ್ಲಿ ಚಂದವೇನೂ ಇರಲಿಲ್ಲ. ಕಾಲರ್ ಇಲ್ಲದ ಬಟ್ಟೆ ನಡೆಯುವುದಿಲ್ಲ ಎಂದು ಎರಡನೆಯ ವಾರ ಬಾಗಿಲಲ್ಲೇ ತಡೆದರು. ಮೂರನೆಯ ವಾರ ನನ್ನ ಗಂಡನ ಹಳೆಯ ಕಾರ್ಖಾನೆಯ ಅಂಗಿ ತೊಟ್ಟು, ಕೆಳಗೆ ಸಲ್ವಾರ್, ಕಾಲಿಗೆ ಶಾಲೆಯ ಪಿ.ಟಿ. ಶೂ ಹಾಕಿಕೊಂಡು ಹೋದೆ. ಅಂಗಿಯ ಜೇಬಿನ ಮೇಲೆ 'ತಪಾಸಣೆ ವಿಭಾಗ' ಎಂದು ಮರಾಠಿಯಲ್ಲಿ ದಾರದಲ್ಲಿ ಹೊಲಿದಿತ್ತು. ಪಕ್ಕದ ಚಾಪೆಯಲ್ಲಿದ್ದ ದೊಡ್ಡ ಮನೆತನದ ಹೆಣ್ಣುಮಕ್ಕಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಿಕೊಳ್ಳಲಿ, ಕಣ್ಣು ಅವರವು. ರೊಟ್ಟಿ ಬಡಿದು ಬಡಿದು ನನ್ನ ಭುಜಕ್ಕೆ ಬಲವಿತ್ತು, ಆದರೆ ಈ ಆಟಕ್ಕೆ ಬಲ ಬೇಡವಂತೆ. ಬಲ ಹಾಕಿದಷ್ಟೂ ಚೆಂಡು ಬಲಕ್ಕೇ ಹೋಗಿ ಬೇಲಿ ಸೇರುತ್ತಿತ್ತು. ನೆಲ ಇಳಿಜಾರಿದೆ ಎಂದು ನಾನು ದೂರಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೆಂಚಿನಿಂದ ಉತ್ತರ ಬರುತ್ತಿತ್ತು.

ಆ ಬೆಂಚಿನ ಕಥೆ ಹೇಳಬೇಕು. ಐದನೆಯ ಭಾನುವಾರ ನನ್ನ ಗಂಡ ಎದ್ದು ಬಂದು ಕೋಚಿಗೆ ಏನೋ ಹೇಳಿದರು. ಹೊಡೆಯುವ ಮುಂಚೆಯೇ ನನ್ನ ಎಡ ಹಿಮ್ಮಡಿ ಒಂದು ಬೆರಳಷ್ಟು ಎದ್ದುಬಿಡುತ್ತದೆ, ಚೆಂಡು ಬಲಕ್ಕೆ ಹೋಗುವುದು ಪ್ರತಿ ಸಲ ಆಗಲೇ ಎಂದು. ಕೋಚ್ ಹತ್ತು ಹೊಡೆತ ನೋಡಿ, ಕಾಕಾ ಹೇಳುವುದು ಬರೋಬ್ಬರಿ ಇದೆ ಎಂದರು. ಹದಿನೈದು ವರ್ಷ ಕೂದಲೆಳೆ ಅಳೆದ ಕಣ್ಣು. ಅವತ್ತಿನಿಂದ ಅವರು ಬೆಂಚಿನ ಮೇಲೆ ಕೂರಲಿಲ್ಲ, ನನ್ನ ಹಿಂದೆ ನಿಂತು ಹಿಮ್ಮಡಿ ಕಾದರು. ನನಗೆ ಸಿಟ್ಟೂ ಬರುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಮೇ ಕೊನೆಯ ವಾರ ಪರೀಕ್ಷೆ. ಶಾಲೆಗೆ ರಜೆ. ಮಳೆ ಶುರುವಾದರೆ ಕಲಿಯುವವರಿಗೆ ಮೈದಾನ ಮುಚ್ಚುತ್ತಾರೆ, ಮತ್ತೆ ತೆರೆಯುವುದು ದಸರೆಯ ಹೊತ್ತಿಗೆ ಎಂದು ಕೋಚ್ ಮೊದಲೇ ಹೇಳಿದ್ದರು. ಅಂದರೆ ಅವತ್ತು ತಪ್ಪಿದರೆ ನಾಲ್ಕು ತಿಂಗಳು ಕುರ್ಚಿಯೇ ಗತಿ. ಆ ವಾರ ತಪಾಸಣೆಗೆ ಹೋದಾಗ ಡಾಕ್ಟರು ರಿಪೋರ್ಟು ನೋಡಿ ತುಟಿ ಬಿಗಿದಿದ್ದರು. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಮೊದಲ ಚೆಂಡಿನ ಮುಂದೆ ನಿಂತೆ.

ಪರೀಕ್ಷೆಯ ದಿನ ಗಾಡಿ ಎಳೆಯಲು ನನ್ನ ಗಂಡನಿಗೆ ಅನುಮತಿ ಸಿಕ್ಕಿತ್ತು. ಹೊಡೆತ ಬರೆಯುವ ಕಾರ್ಡನ್ನೂ ಅವರ ಕೈಗೇ ಕೊಟ್ಟು, ಕೋಚ್ ನಮ್ಮ ಹಿಂದೆ ಇನ್ನಿಬ್ಬರು ಕಲಿಯುವವರ ಜೊತೆ ಬರುತ್ತಿದ್ದರು. ಮೊದಲ ಕುಳಿಗೆ ಒಂಬತ್ತು ಹೊಡೆತ, ಎರಡನೆಯದಕ್ಕೆ ಏಳು. ನಾನು ಚೆಂಡು ನೋಡುತ್ತಿರಲಿಲ್ಲ, ಅವರನ್ನು ನೋಡುತ್ತಿದ್ದೆ. ಏರಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವರು, ಮತ್ತೆ ಎಳೆಯುವರು. ಮುಖ ಬೆವೆತಿತ್ತು, ಆದರೆ ಕಳೆ ಇತ್ತು. ನಾಲ್ಕನೆಯ ಕುಳಿಯ ಹತ್ತಿರ, ಸಾಕಾದರೆ ಕೂತುಕೊಳ್ಳಿ ಎಂದೆ. ಚೆಂಡು ನೋಡು ಎಂದು ಗದರಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನನ್ನನ್ನು ಗದರಿದ್ದು ಅದೇ ಮೊದಲು. ಎಷ್ಟು ಸಂತೋಷವಾಯಿತೆಂದರೆ ಮುಂದಿನ ಚೆಂಡು ನೆಟ್ಟಗೆ ಹೋಯಿತು.

ಎಂಟನೆಯ ಕುಳಿಯ ಹತ್ತಿರ ಆದದ್ದು ಇದು. ಚೆಂಡು ಉದ್ದ ಹುಲ್ಲಿನ ಒಂದು ಗುಪ್ಪೆಯ ಮೇಲೆ ಕೂತಿತ್ತು. ನಾನು ಬಾವುಟ ಎಲ್ಲಿದೆ ಎಂದು ನೋಡುತ್ತ ಹೆಜ್ಜೆ ಇಡುವಾಗ ಶೂವಿನ ತುದಿ ಚೆಂಡನ್ನು ಸವರಿತು. ಚೆಂಡು ಅಲುಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಏನೂ ಇರಲಿಲ್ಲ. ಆದರೆ ಕಾಲು ತಾಗಿತಲ್ಲ! ಪುಸ್ತಕಕ್ಕೆ, ಸೇರಿಗೆ, ಮೊರಕ್ಕೆ, ಮಗ್ಗುಲಲ್ಲಿ ಕೂತವರಿಗೆ ಕಾಲು ತಾಗಿದರೆ ಏನು ಮಾಡಬೇಕೆಂದು ನಮಗೆ ಯಾರೂ ಪಾಠ ಹೇಳಿಕೊಡಬೇಕಿಲ್ಲ. ಕೈ ತಾನಾಗಿ ಹೋಯಿತು. ಬಗ್ಗಿ ಚೆಂಡನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ. ಹನ್ನೆರಡು ವಾರ ಅನ್ನ ನೀರಿನಷ್ಟೇ ಜರೂರಾಗಿದ್ದ ಚೆಂಡು ಅದು, ಒದ್ದು ಸುಮ್ಮನಿರಲು ನನ್ನಿಂದ ಆಗುತ್ತಿರಲಿಲ್ಲ.

ಕಣ್ಣು ಬಿಟ್ಟಾಗ ಚೆಂಡು ಗುಪ್ಪೆಯಿಂದ ಜಾರಿ ಅಂಗೈಯಗಲ ಕೆಳಗೆ ಬಂದಿತ್ತು. ನನ್ನ ಬೆರಳು ತಾಗಿಯೇ ಜಾರಿತ್ತು. ಆಡುವವರಿಂದ ಚೆಂಡು ಸರಿದರೆ ಒಂದು ಹೊಡೆತ ಕೂಡಿಸಿಕೊಂಡು ಚೆಂಡನ್ನು ಮೊದಲಿನ ಜಾಗದಲ್ಲೇ ಇಡಬೇಕು, ಇದು ಮೊದಲ ವಾರವೇ ಹೇಳಿಕೊಟ್ಟ ನಿಯಮ. ಚೆಂಡನ್ನು ಮತ್ತೆ ಗುಪ್ಪೆಯ ಮೇಲಿಟ್ಟೆ. ಹೊಡೆತ ಕೂಡಿಸಲಿಲ್ಲ. ಕೋಚ್ ಹಿಂದೆ ದೂರದಲ್ಲಿದ್ದರು. ನನ್ನ ಗಂಡ ಗಾಡಿ ಹಿಡಿದು ಹತ್ತು ಹೆಜ್ಜೆ ಆಚೆ ನಿಂತಿದ್ದರು. ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಭಕ್ತಿಯಿಂದ ಮುಟ್ಟಿದ್ದಕ್ಕೆ ಎಂಥ ದಂಡ ಎಂದು ನನಗೆ ನಾನೇ ಹೇಳಿಕೊಂಡೆ.

ಒಂಬತ್ತನೆಯ ಕುಳಿಗೆ ಚೆಂಡು ಬಿದ್ದಾಗ ನನ್ನ ಲೆಕ್ಕದಲ್ಲಿ ಸರಿಯಾಗಿ ಎಪ್ಪತ್ತು. ಕೋಚ್ ಬಂದು ಎಷ್ಟಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ನನ್ನ ಗಂಡ ಕಾರ್ಡು ಚಾಚಿ ಮರಾಠಿಯಲ್ಲಿ, ಎಪ್ಪತ್ತೊಂದು ಎಂದರು. ಎಂಟನೆಯದರಲ್ಲಿ ಚೆಂಡು ಸರಿದಿದೆ ಎಂದೂ, ಹೇಗೆ ಸರಿಯಿತೆಂದೂ ವಿವರಿಸಿದರು. ಕೋಚ್ ನನ್ನ ಮುಖ ನೋಡಿದರು. ಪಾಪ, ಅವರಿಗೂ ಕೆಟ್ಟದೆನಿಸಿತು. ತಾವೂ ಕೋಲಿಗೆ ಕಾಲು ತಾಗಿದರೆ ಹಾಗೇ ಮಾಡುವುದು, ಆದರೆ ಲೆಕ್ಕ ಲೆಕ್ಕವೇ, ಮಳೆ ಮುಗಿದ ಮೇಲೆ ಬನ್ನಿ ಎಂದರು.

ಮನೆಗೆ ಬಂದು ಚಹಾದ ಪಾತ್ರೆ ಕುಕ್ಕಿದೆ, ಡಬ್ಬಿ ಕುಕ್ಕಿದೆ, ಕುಕ್ಕಲು ಮತ್ತೇನೂ ಉಳಿಯದಾದಾಗ ಬಾಯಿ ಬಿಟ್ಟೆ. ಯಾರ ಸಲುವಾಗಿ ನಾನು ಈ ವಯಸ್ಸಿನಲ್ಲಿ ನಾಲ್ಕು ಮಂದಿಯ ಮುಂದೆ ಕುಣಿದೆ, ಒಂದು ಹೊಡೆತ ನುಂಗಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಕಾರ್ಖಾನೆ ಬಿಟ್ಟರೂ ಕಾರ್ಖಾನೆಯ ಬುದ್ಧಿ ಬಿಡಲಿಲ್ಲವಲ್ಲ ಎಂದೆಲ್ಲ ಆಡಿದೆ. ಅವರು ಅದೇ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು.

"ಚೆಂಡ ಸರದಿತ್ತಲ್ಲ," ಅಂದರು. "ಸುಳ್ಳ ಬರದು ನಿನಗ ಪಾಸ್ ಮಾಡಿದ್ರ, ನಾ ಆ ಹುಲ್ಲಿನ ಮ್ಯಾಲ ಹೆಂಗ ನಡೀಲಿ?"

"ಹಂಗಾರ ನಾಳಿಂದ ರಸ್ತೆ ಮ್ಯಾಲ ನಡೀರಿ. ನನ್ನ ಆಟ ಮುಗೀತು. ಒಬ್ಬರ ಹೋಗ್ರಿ, ಒಬ್ಬರ ಬರ್ರಿ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಗ್ಯಾಸ್ ಆರಿಸಿ ತಿರುಗುವಷ್ಟರಲ್ಲಿ ಅವರು ಹೇಳಿದರು.

"ಒಬ್ಬನ ಹೋಗ್ಲಾಕ ನನಗ ಅಂಜಿಕಿ ಆಗ್ತದ."

ಏನು ಅಂಜಿಕೆ ಎಂದು ಕೇಳಿದೆ. ಅವರು ನನ್ನ ಕಡೆ ನೋಡದೆ, ರಸ್ತೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಎದೆನೋವು ಬಂದ ದಿನ ತರಕಾರಿ ಚೀಲ ಬಿದ್ದು ತಾವು ಫುಟ್‌ಪಾತಿನ ಮೇಲೆ ಕೂತರಂತೆ. ಬಾಯಿ ತೆರೆದರೆ ಮಾತು ಹೊರಳಲಿಲ್ಲವಂತೆ. ಮಂದಿ ಸುತ್ತು ಹಾಕಿಕೊಂಡು ಹೋದರಂತೆ. ಹಗಲು ಹೊತ್ತಿನಲ್ಲೇ ಏರಿಸಿದ್ದಾನೆ ನೋಡು ಎಂದು ಒಬ್ಬರು ಅಂದದ್ದು ಕೇಳಿಸಿತಂತೆ. ಎಷ್ಟು ಹೊತ್ತು ಹಾಗೆ ಕೂತಿದ್ದರೋ ಅವರಿಗೆ ಗೊತ್ತಿಲ್ಲ. ಕೊನೆಗೆ ಒಬ್ಬ ರಿಕ್ಷಾದವನು ಗಾಡಿ ನಿಲ್ಲಿಸಿ ಇಳಿದು ಬಂದನಂತೆ.

"ಮುಂದ ಕುಂತು ನನ್ನ ಬಾಯಿ ಮೂಸಿ ನೋಡಿದ," ಅಂದರು. "ವಾಸನಿ ಇಲ್ಲಂತ ಖಾತ್ರಿ ಆದ ಮ್ಯಾಲ ಎತ್ತಿದ."

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ನಾನು ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತೆ. ಆರು ತಿಂಗಳಿಂದ ದಿನಕ್ಕೆರಡು ಸಲ ನಾನು ಇವರನ್ನು ಅದೇ ರಸ್ತೆಗೆ ದೂಡುತ್ತಿದ್ದೆ, ಒಬ್ಬರೇ ಹೋಗಿ ಎಂದು. ಗೇಟಿನವರೆಗೆ ಹೋಗಿ ತಿರುಗಿ ಬಂದವರನ್ನು ಆಡಿಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಅಳು ಬಂತು, ಅಷ್ಟೇ ಸಿಟ್ಟೂ ಬಂತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದೇನು ಹೇಳಿಕೊಳ್ಳುವಂಥದ್ದೇ ಎಂದು ಅವರು ತಿರುಗಿ ಕೇಳಿದರು.

ಮರುದಿನ ಬೆಳಗ್ಗೆ ಐದೂವರೆಗೆ ಅವರನ್ನು ಎಬ್ಬಿಸಿದೆ. ನಾನೂ ಬರುತ್ತೇನೆ ಎಂದೆ. ಜೂನಿನಲ್ಲಿ ಶಾಲೆ ಶುರುವಾದರೆ ಹೇಗೆ ಎಂದರು. ಶಾಲೆಗೆ ಹೋಗುವ ಮುಂಚೆ ಎಂದೆ. ಗೇಟಿನ ಹತ್ತಿರ ಅವರ ಕಾಲು ನಿಂತಿತು. ಹಾಲಿನವರು, ಪೇಪರಿನವರು, ಕಾಲೇಜು ಹುಡುಗರು ಎಲ್ಲ ಓಡಾಡುತ್ತಿದ್ದರು. ನಾನು ಕೈ ಹಿಡಿಯಲಿಲ್ಲ, ಮದುವೆಯಾದಾಗಿನಿಂದ ನಾವು ರಸ್ತೆಯಲ್ಲಿ ಕೈ ಹಿಡಿದವರಲ್ಲ. ಒಂದು ಹೆಜ್ಜೆ ಹಿಂದೆ ನಿಂತೆ. ಅವರು ಗೇಟು ದಾಟಿ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರು. ಮತ್ತೆ ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರು.

"ಹಿಂದ ಅದೀನ್ರಿ," ಅಂದೆ. "ನಡೀರಿ."